ತೂಬಿನ ಬೀಗದಕೈ

1996, ಆಗಸ್ಟ್ 6, ಮಂಗಳವಾರ

ಬೆಳಿಗ್ಗೆ ಆರಕ್ಕೆ ನಿಕಾನೋರನ ತೋಟಕ್ಕೆ ತೂಬಿನ ಹಲಗೆ ಎತ್ತಿದೆ. ಎಂಟು ಹತ್ತಕ್ಕೆ ಇಳಿಸಿ ಬೀಗ ಹಾಕಿದೆ. ಎಂದಿನಂತೆ ಜಗಳ, ಗೌರವದ ‘ದೋನ್ಯ’ ಸೇರಿಸಿಯೇ.

"ಎರಡು ನಿಮಿಷ ತಿಂದುಬಿಟ್ರಿ ದೋನ್ಯ ದುಲಿ. ಇಗರ್ಜಿ ಗಡಿಯಾರದಲ್ಲಿ ಇನ್ನೂ ಎಂಟೂ ಎಂಟು."

"ಇಗರ್ಜಿ ಗಡಿಯಾರ ಪಾದ್ರಿಗೆ. ನೀರಿಗೆ ನನ್ನ ಗಡಿಯಾರ."

"ನಿಮ್ಮ ಗಡಿಯಾರಕ್ಕೆ ಕರುಳೇ ಇಲ್ಲ ಬಿಡಿ."

ಹದಿನಾರು ದಿನಕ್ಕೊಮ್ಮೆ ಅವನ ಪಾಳಿ, ಹದಿನಾರು ದಿನಕ್ಕೊಮ್ಮೆ ಈ ಮಾತು. ನಾನು ನೀರಗಂಟಿಯಾಗಿ ಹದಿನೈದು ವರ್ಷ. ಒಂದು ಸಲ ಜಗಳ ಆಡದಿದ್ದರೆ ಹುಷಾರಿಲ್ಲವೇನೋ ಎಂದು ಅವನ ಮನೆಗೆ ಹೋಗಿ ವಿಚಾರಿಸಬೇಕಾದೀತು.

ಮನೆಗೆ ಬಂದು ಪಾತ್ರೆ ತೊಳೆದೆ. ಸೋಪಿಲ್ಲದ ನೀರು ಪುದೀನಕ್ಕೆ, ಸೋಪಿನದು ಅಂಗಳದ ಧೂಳಿಗೆ. ಅಷ್ಟರಲ್ಲಿ ಬಸ್ ಡ್ರೈವರ್ ಒಂದು ಕಾಗದ ಕೊಟ್ಟು ಹೋದ. ಇಕಿಕೆ ಬಂದರಿನಿಂದ. ನಾಲ್ಕು ಸಾಲು.

"ಗುರುವಾರ ಬರುತ್ತಿದ್ದೇನೆ. ನಮ್ಮ ಮನೆಗೆ ಚಾವಣಿಯೇ ಇಲ್ಲವಂತೆ. ನಿನ್ನಲ್ಲಿ ಒಂದು ಮಂಚ ಇದ್ದೀತೇ? ಇಂತಿ, ತಿಯೋಲಿಂದಾ."

ಲಿಂದಾ. ನನ್ನ ಬಾಲ್ಯದ ಗೆಳತಿ. ನಲವತ್ತಮೂರು ವರ್ಷದ ಮೇಲೆ.

ಮಂಚ ಇದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ಆಗಸ್ಟ್ 8, ಗುರುವಾರ

ಬಸ್ಸಿನಿಂದ ಇಳಿದವಳ ಗುರುತು ಸಿಗಲಿಲ್ಲ. ದಪ್ಪಗಾಗಿದ್ದಾಳೆ. ಕೂದಲಿಗೆ ಕೆಂಪು ಬಣ್ಣ. ನಕ್ಕ ಮೇಲೆ ಗುರುತಾಯಿತು... ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಹಾಗೇ ಇದೆ.

"ಏನೇ ಇದು ದುಲಿ, ಒಣಗಿದ ಅಂಜೂರ ಆಗ್ಹೋಗಿದೀಯಲ್ಲೇ!"

"ನೀನು ಊರಿನವರೆಲ್ಲರ ಪಾಲಿನ ನೀರೂ ಕುಡ್ದಿದೀಯ ಅಂತ ಕಾಣತ್ತೆ."

ಡ್ರೈವರ್ ಬಿದ್ದು ಬಿದ್ದು ನಕ್ಕ. ಚೀಲ ಹಿಡಿದು ಮನೆಗೆ ನಡೆದೆವು. ದಾರಿಯುದ್ದಕ್ಕೂ ಅವಳದ್ದೇ ಮಾತು. ಗಂಡ ಹೋದದ್ದು, ಮೂವರು ಮಕ್ಕಳು, ಹೊಲಿಗೆ ಕಾರ್ಖಾನೆ, ಮೊಣಕಾಲು. ಕಾಲುವೆಯ ಹತ್ತಿರ ಬಂದಾಗ ನಿಂತಳು. ನನ್ನ ಸೊಂಟದ ಬೀಗದಕೈ ನೋಡಿದಳು.

"ನೀನೇ ನೀರಗಂಟಿಯಂತೆ. ಅಪ್ಪನ ಕೆಲಸ ನಿನ್ನ ಕೈಗೆ ಬಂತು. ಒಳ್ಳೇದಾಯ್ತು ಬಿಡು. ಬೇರೆ ಯಾರ ಸೊಂಟದಲ್ಲಾದ್ರೂ ಇದನ್ನ ನೋಡಿದ್ರೆ ಹೊಟ್ಟೆ ಉರೀತಿತ್ತು."

ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದೆ.

ಸಂಜೆ ಚಹಾ, ಬ್ರೆಡ್ಡು, ಸೀಬೆಹಣ್ಣಿನ ಹಲ್ವ. ಚಹಾಕ್ಕೆ ನನ್ನ ತೋಟದ ನಿಂಬೆ ಹಿಂಡಿದೆ. ಹಿಂಡಿದ ಸಿಪ್ಪೆ ಎತ್ತಿ ಮೂಸಿದಳು. ಕಣ್ಣು ಮುಚ್ಚಿದಳು. "ಪೇಟೇಲಿ ಸಿಗೋ ನಿಂಬೆಗೆ ಈ ವಾಸನೆ ಇಲ್ಲ ಕಣೇ. ಇದು ನಮ್ಮೂರು ಪುಕಿಯಾರ್‌ನ ನಿಂಬೆ. ಯಾವ ಮರದ್ದು?"

ಹಿತ್ತಲಿನದು ಎಂದೆ.

ಆಗಸ್ಟ್ 9

ಬೆಳಿಗ್ಗೆ ಇಬ್ಬರೂ ಗುಡ್ಡದ ಬುಡದ ಸುರಂಗದವರೆಗೆ ನಡೆದೆವು. ಯಾರೋ ಪುಣ್ಯಾತ್ಮರು ಇನ್ನೂರು ವರ್ಷದ ಹಿಂದೆ ಕಲ್ಲು ಕೊರೆದು ನೀರು ಹೊರಗೆ ತಂದದ್ದು. ಈಗಲೂ ಕೈಬೆರಳಿನ ದಪ್ಪ ಹರಿಯುತ್ತದೆ, ಕೊಳದಲ್ಲಿ ನಿಂತು ಕಾಲುವೆಗೆ ಇಳಿಯುತ್ತದೆ. ಮಳೆಯಿಲ್ಲದ ಈ ಮರಳುಗಾಡಿನಲ್ಲಿ ಅಷ್ಟರಲ್ಲೇ ಐವತ್ತೆರಡು ತೋಟ.

ಸುರಂಗದ ಬಾಯಲ್ಲಿ ಕೂತೆವು. ಒಳಗಿನಿಂದ ತಂಪು ಗಾಳಿ. ಬೇಸಿಗೆಯಲ್ಲಿ ನಾವು ಹೊಲಿಗೆ, ಪಾಠ, ತಲೆ ಬಾಚುವುದು ಎಲ್ಲವನ್ನೂ ಇಲ್ಲೇ ಮಾಡುತ್ತಿದ್ದೆವು. ಬೇರೆ ಊರುಗಳಲ್ಲಿ ಕಾರ್ನಿವಾಲ್‌ಗೆ ನೀರು ಎರಚುತ್ತಾರೆ ಎಂದು ಮೊದಲ ಸಲ ಕೇಳಿದಾಗ ಲಿಂದಾ ನಂಬಲೇ ಇಲ್ಲ. "ನೀರನ್ನಾ? ನೆಲದ ಮೇಲಾ?" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ನಾವು ಎರಚಿದ್ದು ಹಿಟ್ಟು. ಒಂದು ವರ್ಷ ಪಾದ್ರಿಯ ಕತ್ತೆಯನ್ನೂ ಬಿಡಲಿಲ್ಲ. ಬಿಳಿ ಕತ್ತೆ ಇಗರ್ಜಿಯೊಳಗೆ ನುಗ್ಗಿದಾಗ ಮುದುಕಿಯರು ದೇವದೂತನೇ ಬಂದನೆಂದು ಎದ್ದು ನಿಂತಿದ್ದರು.

ಆ ಮಾತಿಗೆ ಇವತ್ತು ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತಿತು.

ಲಿಂದಾಳ ಅಪ್ಪ, ಆಗಿನ ನೀರಗಂಟಿ ದೊನ್ ಮೆಲಿತೋನ್, ನೀರು ಬರುವ ಮೊದಲೇ ಕಾಲುವೆಗೆ ಕಿವಿ ಇಟ್ಟು ಹೇಳುತ್ತಿದ್ದರು, "ಇದೀಗ ಅತ್ತಿಮರ ದಾಟ್ತು, ಇದೀಗ ಕಲ್ಲುಸೇತುವೆ." ನಾವು ಓಡಿ ಹೋಗಿ ನೋಡಿದರೆ ಸರಿಯಾಗಿ ಅಲ್ಲೇ ಇರುತ್ತಿತ್ತು. ಅವರ ಮನೆಯಲ್ಲಿ ನಾನು ಬಾಗಿಲು ತಟ್ಟಿದವಳೇ ಅಲ್ಲ. ಅಮ್ಮ ಸತ್ತ ವರ್ಷ ಅರ್ಧ ಊಟ ಅಲ್ಲೇ. "ಇವಳು ನನ್ನ ಎರಡ್ನೇ ಮಗಳು" ಎನ್ನುತ್ತಿದ್ದರು. ಬಂದವರಿಗೆಲ್ಲ ಹೇಳುತ್ತಿದ್ದರು.

ಸಾಕು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಆಗಸ್ಟ್ 11, ಭಾನುವಾರ

ಬಂದದ್ದು ಯಾಕೆಂದು ಇವತ್ತು ಹೇಳಿದಳು. ನೀರು ಮಾರಲು.

ಇಲ್ಲಿ ನೆಲ ಬೇರೆ, ನೀರು ಬೇರೆ. ನೆಲ ಇಟ್ಟುಕೊಂಡು ಪಾಳಿಯನ್ನು ಮಾತ್ರ ಮಾರಬಹುದು. ಗುಡ್ಡದಾಚೆಯ ತಾಮ್ರದ ಗಣಿಯವರು ಎರಡು ವರ್ಷದಿಂದ ಕೇಳುತ್ತಿದ್ದಾರೆ. ಇದುವರೆಗೆ ಯಾರೂ ಕೊಟ್ಟಿಲ್ಲ. ಒಬ್ಬರು ಕೊಟ್ಟರೆ ಉಳಿದವರೂ ಕೊಡುತ್ತಾರೆ, ಎಲ್ಲರಿಗೂ ಗೊತ್ತು. ಲಿಂದಾಳದು ಕಾಲುವೆಯ ತಲೆಯಲ್ಲಿರುವ ದೊಡ್ಡ ಪಾಳಿ. ಅದೂ ಅದರ ಹಿಂದೆ ಉಳಿದವೂ ಪೈಪಿಗೆ ಹೋದರೆ ಕೆಳಗಿನ ತೋಟಗಳಿಗೆ ತಲುಪುವುದು ಬರೀ ಕೆಸರು. ನಿಕಾನೋರನ ಮಾವು ಮುಗಿಯಿತು.

"ಇನ್ನೊಂದ್ಸಲ ಯೋಚ್ನೆ ಮಾಡೇ. ಕೆಳಗಿನವ್ರು ಏನ್ಮಾಡ್ಬೇಕು?"

"ಕೆಳಗಿನವ್ರು! ಅಪ್ಪನ್ನ ನೀರು ಕದ್ದು ಮಾರ್ದ ಅಂದಾಗ ಕೆಳಗಿನವ್ರೂ ಇದ್ರು, ಮೇಲಿನವ್ರೂ ಇದ್ರು. ಒಬ್ಬನಾದ್ರೂ ಬಾಯಿ ಬಿಟ್ನಾ? ಅವ್ರು ಬಂದರಿನಲ್ಲಿ ಮೀನುಹಿಟ್ಟಿನ ಮೂಟೆ ಹೊತ್ತು ಸತ್ರು ದುಲಿ. ಮೈ ಎಲ್ಲ ಮೀನು ವಾಸ್ನೆ. ಕೊನೇ ವರ್ಷ ಹಾಸಿಗೇಲಿ ಮಲಗಿ ಪಾಳಿ ಲೆಕ್ಕ ಹೇಳ್ತಿದ್ರು, ಇವತ್ತು ಯಾರ್ದು, ನಾಳೆ ಯಾರ್ದು ಅಂತ. ಆ ಮನುಷ್ಯನ ನೀರು ಈ ಊರಲ್ಲಿ ಯಾಕಿರ್ಬೇಕು? ಹೋಗ್ಲಿ. ತಾಮ್ರ ತೊಳೀಲಿ."

ನನ್ನ ಮುಖ ನೋಡಿ ಕೈ ಹಿಡಿದುಕೊಂಡಳು. "ನಿಂಗಲ್ಲ ಹೇಳಿದ್ದು. ನೀನೊಬ್ಳೇ ಬಸ್ಸಿನ್ ತನಕ ಬಂದು ಅತ್ತೋಳು."

ಆಗಸ್ಟ್ 12

ಬರೆದೇ ಬಿಡುತ್ತೇನೆ. ಎಲ್ಲಿಯಾದರೂ ಒಂದು ಕಡೆ ಇರಲಿ.

1953, ಜನವರಿ. ನನಗೆ ಇಪ್ಪತ್ತೊಂದು. ಅಮ್ಮ ಸಾಯುವ ಮೊದಲು ಮಡಿ ಮಾಡಿ ಹಾಕಿದ ನಲವತ್ತು ನಿಂಬೆ ಸಸಿ, ಮೊಣಕಾಲೆತ್ತರ. ಅಪ್ಪ ಉಪ್ಪಿನ ಗಣಿಯಲ್ಲಿ, ತಿಂಗಳಿಗೊಮ್ಮೆ ಬರುವವನು. ನಮ್ಮ ಪಾಳಿಯ ದಿನ ಮರಳುಗಾಳಿ ಎದ್ದು ಕಾಲುವೆ ಮುಚ್ಚಿತು. ಪಾಳಿ ಹೋಯಿತೆಂದರೆ ಹೋಯಿತು. ಇನ್ನು ಹದಿನಾರು ದಿನ. ಸಸಿಗಳು ಐದು ದಿನವೂ ತಡೆಯುತ್ತಿರಲಿಲ್ಲ.

ದೊನ್ ಮೆಲಿತೋನ್ ಹತ್ತಿರ ಹೋಗಿ ಅತ್ತೆ. "ನನ್ನ ಸ್ವಂತ ಮಗಳಿಗೂ ಕೊಡಲ್ಲ ಕಣಮ್ಮ. ಒಬ್ರಿಗೆ ಕೊಟ್ಟೆ ಅಂದ್ರೆ ನೀರು ನನ್ನ ಮಾತು ಕೇಳಲ್ಲ" ಎಂದರು. ತಮ್ಮ ಮನೆಯ ಕುಡಿಯುವ ನೀರಿನಲ್ಲಿ ಒಂದು ಬಕೆಟ್ ಕೊಟ್ಟರು. ಒಂದು ಬಕೆಟ್, ನಲವತ್ತು ಸಸಿ.

ಮರುದಿನ ಮಧ್ಯಾಹ್ನ ಊರಿಗೆ ಊರೇ ಮಲಗಿದ್ದ ಹೊತ್ತು. ಅವರ ಮನೆಗೆ ಹೋದೆ. ಬೀಗದಕೈ ಬಾಗಿಲ ಹಿಂದಿನ ಮೊಳೆಯಲ್ಲಿ. ಬಾಗಿಲಿಗೆ ಅಡ್ಡವಾಗಿ ಚಾಪೆಯ ಮೇಲೆ ಲಿಂದಾ ಮಲಗಿದ್ದಳು. ಅವಳನ್ನು ದಾಟಿ ಹೋದೆ. ದಾಟಿ ಬಂದೆ. ಆಗಿನ ಸಭೆಯ ಅಧ್ಯಕ್ಷ ದೊನ್ ಲಿಬೋರಿಯೋನ ಪಾಳಿ ನಡೆಯುತ್ತಿತ್ತು. ನಮ್ಮ ತೂಬಿನ ಬೀಗ ತೆಗೆದು ಆ ಹರಿವನ್ನು ನಮ್ಮ ತೋಟಕ್ಕೆ ತಿರುಗಿಸಿದೆ. ಇಪ್ಪತ್ತು ನಿಮಿಷ. ಮತ್ತೆ ಬೀಗ. ಮತ್ತೆ ಅವಳನ್ನು ದಾಟಿ ಮೊಳೆಗೆ.

ಲಿಬೋರಿಯೋನ ಕೊನೆಯ ಸಾಲಿಗೆ ನೀರು ತಲುಪಲಿಲ್ಲ. ಬೀಗ ಒಡೆದಿಲ್ಲ, ಬೀಗದಕೈ ಇರುವುದು ಒಬ್ಬರ ಬಳಿ. ಸಭೆ ಕರೆದರು. ದೊನ್ ಮೆಲಿತೋನ್ ಹೇಳಿದ್ದು ಒಂದೇ ಮಾತು, "ನಾನಲ್ಲ." ನಾನು ಹೆಂಗಸರ ಬೆಂಚಿನಲ್ಲಿ ಮೂರನೆಯವಳಾಗಿ ಕೂತಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ, ನಾಳೆ. ಹನ್ನೊಂದನೆಯ ದಿನ ಅವರು ಬಸ್ಸು ಹತ್ತಿದರು.

ಮೂವತ್ತೊಂದು ಸಸಿ ಬದುಕಿದವು. ನನ್ನ ಹಿತ್ತಿಲು ಅದೇ. ನನ್ನ ಅನ್ನ ಅದೇ. ಅನ್ಸೆಲ್ಮೊ ನನ್ನನ್ನು ಮದುವೆಯಾದದ್ದೂ ಆ ತೋಟ ನೋಡಿಯೇ, ಅವನೇ ಹೇಳಿದ್ದ. ಸಾಯುವವರೆಗೆ ಅವನಿಗೂ ಹೇಳಲಿಲ್ಲ.

ಆಗಸ್ಟ್ 14, ಬುಧವಾರ

ಲಿಂದಾಳ ಪಾಳಿ. ಅವಳ ತೋಟ ನೋಡಿಕೊಳ್ಳುತ್ತಿದ್ದ ದಾಯಾದಿ ಸತ್ತು ಎರಡು ವರ್ಷ. ಅಂದಿನಿಂದ ಅವಳ ಪಾಳಿಯ ನೀರನ್ನು ನಾನೇ ನಿಂತು ಮರಗಳಿಗೆ ಹಾಯಿಸುತ್ತಿದ್ದೇನೆ. ಹನ್ನೆರಡು ಉಳಿದಿವೆ. ಒಂದು ಕಿತ್ತಳೆ ಹೂ ಬಿಟ್ಟಿದೆ.

ಇವತ್ತು ಅವಳೇ ಚಪ್ಪಲಿ ಬಿಚ್ಚಿ, ಲಂಗ ಸಿಕ್ಕಿಸಿ, ಗುದ್ದಲಿ ಹಿಡಿದಳು. ಮೊಣಕಾಲು ನೋವು ಎಲ್ಲಿ ಹೋಯಿತೋ. ಒಂದು ಪಾತಿ ತುಂಬುವಷ್ಟರಲ್ಲಿ ಇನ್ನೊಂದರ ಬಾಯಿ ಬಿಡಿಸಿ, ಹಿಂದಿನದನ್ನು ಹಿಮ್ಮಡಿಯಿಂದ ಮುಚ್ಚಿ... ಅವರಪ್ಪನ ಅದೇ ಹೆಜ್ಜೆ. ಒಂದು ಹನಿ ಆಚೆ ಹೋಗಲಿಲ್ಲ.

"ಮರ್ತಿಲ್ಲ ನೋಡೇ!" ಕೆಸರು ಕಾಲಲ್ಲೇ ಕುಣಿದಳು. "ಬಂದರಿನಲ್ಲಿ ನಲ್ಲಿ ತಿರುಗಿಸಿದ್ರೆ ಬರತ್ತೆ ನೀರು. ಬರೋದೇ ಕೇಳ್ಸಲ್ಲ ಕಣೇ. ಮೊದಲ್ನೇ ವರ್ಷ ಅಪ್ಪ ನಲ್ಲಿ ಹತ್ರ ಕುರ್ಚಿ ಹಾಕ್ಕೊಂಡು ಕೂರ್ತಿದ್ರು."

ನೆನೆದ ಮಣ್ಣಿನ ವಾಸನೆ. ಇಬ್ಬರೂ ಗೋಡೆಗೆ ಒರಗಿ ಬ್ರೆಡ್ಡು, ಈರುಳ್ಳಿ ತಿಂದೆವು. ಬಹಳ ವರ್ಷದಿಂದ ಇಷ್ಟು ಸಂತೋಷ ಆಗಿರಲಿಲ್ಲ.

ಹೇಳಲಿಲ್ಲ.

ಆಗಸ್ಟ್ 19

ಗಣಿಯವನು ಬಿಳಿ ವಾಹನದಲ್ಲಿ ಬಂದ. ಒಳ್ಳೆಯ ಹುಡುಗನೇ, ಚಹಾ ಕುಡಿದ, ನಿಂಬೆ ಹೊಗಳಿದ. ಸಹಿ 30ನೇ ತಾರೀಕು, ಇಕಿಕೆಯಲ್ಲಿ. ಲಿಂದಾ "ಆಗ್ಲಿ" ಎಂದಳು.

ಸುದ್ದಿ ಮಧ್ಯಾಹ್ನದೊಳಗೆ ಕೆಳಗಿನ ತೋಟಗಳಿಗೆ ಮುಟ್ಟಿತ್ತು. ನಿಕಾನೋರ್ ಬೇಲಿಯ ಹತ್ತಿರ ಬಂದು ನಿಂತ. ಟೋಪಿ ಕೈಯಲ್ಲಿ. ಎರಡು ನಿಮಿಷದ ಮಾತೇ ಎತ್ತಲಿಲ್ಲ. "ನಿಮ್ಮ ಗೆಳತಿಗೆ ಒಂದ್ಮಾತು ಹೇಳಿ ದೋನ್ಯ ದುಲಿ. ನಿಮ್ಮ ಮಾತು ಅಂದ್ರೆ ಎಲ್ರಿಗೂ ಬೆಲೆ. ನಿಮ್ಮಂಥ ನೆಟ್ಟಗಿನ ಮನುಷ್ಯರು ಈ ಊರಲ್ಲಿ ಯಾರಿದಾರೆ?"

ನೆಟ್ಟಗಿನ ಮನುಷ್ಯಳು.

ಆಗಸ್ಟ್ 21, ಬುಧವಾರ

ಹೇಳಿದೆ. ಬೆಳಿಗ್ಗೆ, ಚಹಾದ ಹೊತ್ತಿಗೆ. ಅವಳು ಬ್ರೆಡ್ಡಿಗೆ ಹಲ್ವ ಸವರುತ್ತಿದ್ದಳು. ಚಾಕು ಕೆಳಗಿಟ್ಟಳು.

ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು.

"ಯಾವ ದಿನ?"

"ಮಂಗಳವಾರ. ಮಧ್ಯಾಹ್ನ."

"ಬೀಗದಕೈ?"

"ಮೊಳೇಲಿತ್ತು."

"ನಾನು ಎಲ್ಲಿದ್ದೆ?"

"ಬಾಗಿಲ ಹತ್ರ ಚಾಪೆ ಮೇಲೆ ಮಲಗಿದ್ದೆ. ನಿನ್ನ... ದಾಟ್ಕೊಂಡು ಹೋದೆ."

ಆಮೇಲೆ ಕಿಟಕಿಯಿಂದ ಹಿತ್ತಿಲು ನೋಡಿದಳು.

"ಆ ನಿಂಬೆನಾ?"

ತಲೆಯಾಡಿಸಿದೆ. ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಎರಡು ಲೋಟ ನೀರು ನೆಲಕ್ಕೆ ಚೆಲ್ಲಿದಳು. ಬೇಕೆಂದೇ. ಚೀಲ ಕಟ್ಟಿದಳು. ಬಾಗಿಲಲ್ಲಿ ನಿಂತು ಅಂದದ್ದು ಇಷ್ಟೇ.

"ಸಾಯೋ ಹಿಂದಿನ್ ದಿನ ಅಪ್ಪ ಕೇಳಿದ್ರು, ದುಲಿ ನಿಂಬೆ ಗಿಡ ಬದುಕ್ದವಾ ಅಂತ."

ಮಧ್ಯಾಹ್ನದ ಬಸ್ಸಿಗೆ ಹೋದಳು. ನಾನು ಬಸ್ಸಿನವರೆಗೆ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಆಗಸ್ಟ್ 22

ನಿಕಾನೋರ್, ಆರರಿಂದ ಎಂಟು ಹತ್ತು. ಜಗಳ ಇಲ್ಲ.

ಆಗಸ್ಟ್ 30

ಸಹಿಯ ದಿನ. ಅವಳ ಪಾಳಿಯೂ ಇವತ್ತೇ. ಹನ್ನೆರಡು ಮರಕ್ಕೂ ನೀರು ಹಾಯಿಸಿದೆ. ಹಾಯಿಸುವಾಗ ಈ ನೀರು ಇನ್ನೂ ಅವಳದೋ, ಗಣಿಯದೋ, ಗೊತ್ತಿಲ್ಲ.

ಸೆಪ್ಟೆಂಬರ್ 4

ಬಸ್ ಡ್ರೈವರ್ ಚೀಟಿ ತಂದ.

"ಸಹಿ ಹಾಕಿಲ್ಲ. ಹಾಕಲೆಂದೇ ಹೋಗಿದ್ದೆ, ಪೆನ್ನು ಕೈಯಲ್ಲಿತ್ತು. 15ರ ಸಭೆಯಲ್ಲಿ ಹೇಳು. ಅಪ್ಪನ ಹೆಸರು ಎಲ್ಲಿ ಕೆಡಿಸಿದರೋ ಅಲ್ಲೇ, ಎಲ್ಲರ ಮುಂದೆ. ಆಮೇಲೆ ನೋಡೋಣ."

ಸೆಪ್ಟೆಂಬರ್ 9

ಒಂದು ದಾರಿ ಇದೆ. ಮಂಡಿನೋವು ಎಂದು ಹೇಳಿ ಬೀಗದಕೈ ಒಪ್ಪಿಸಿಬಿಡುವುದು. ಕೈ ಮುಗಿದು ಕಳಿಸುತ್ತಾರೆ. ಶಾಲು ಕೂಡ ಹೊದಿಸಿಯಾರು. ಅವಳಿಗೊಂದು ಕಾಗದ ಬರೆದು...

ಬರೆದೆ. ಹರಿದೆ.

ಕಾಲುವೆಯ ಪಕ್ಕ ನಡೆಯುವಾಗ ಇವತ್ತು ಮೂರು ಜನ ನಮಸ್ಕಾರ ಹೇಳಿದರು. ಲೆಕ್ಕ ಹಾಕಿದೆ. ಇನ್ನು ಆರು ದಿನ ಹೇಳುತ್ತಾರೆ.

ಸೆಪ್ಟೆಂಬರ್ 15, ಭಾನುವಾರ

ಸಭೆ ಶಾಲೆಯ ಕೋಣೆಯಲ್ಲಿ. ನಲವತ್ತು ಜನ. ಅಧ್ಯಕ್ಷ ದೊನ್ ಫಾಕುಂದೊ, ಲಿಬೋರಿಯೋನ ಮಗ. ಕಾಲುವೆ ಹೂಳು, ಕೊಳದ ಬಿರುಕು, ಹಬ್ಬದ ಪಟಾಕಿ. ಎಲ್ಲ ಮುಗಿದ ಮೇಲೆ "ಬೇರೆ ಏನಾದ್ರೂ?" ಎಂದರು. ಎದ್ದೆ.

ಬಾಗಿಲಲ್ಲಿ ಲಿಂದಾ ನಿಂತಿದ್ದಳು. ಕಪ್ಪು ಬಟ್ಟೆ. ಕೂದಲಿನ ಕೆಂಪು ಬಣ್ಣ ಹೋಗಿತ್ತು. ಯಾವಾಗ ಬಂದಳೋ.

ಹೇಳಿದೆ. ಇಲ್ಲಿ ಬರೆದಷ್ಟು ಚೆನ್ನಾಗಿ ಬರಲಿಲ್ಲ. ಎರಡು ಸಲ ನಿಂತೆ. "ದೊನ್ ಮೆಲಿತೋನ್ ಕದೀಲಿಲ್ಲ, ಮಾರ್ಲಿಲ್ಲ. ಕದ್ದೋಳು ನಾನು" ಎಂಬುದನ್ನು ಮಾತ್ರ ಸರಿಯಾಗಿ, ಜೋರಾಗಿ ಹೇಳಿದೆ.

ಹೊರಗೆ ಒಂದು ನಾಯಿ ಮೈ ಕೆರೆದುಕೊಳ್ಳುವುದು ಕೇಳುತ್ತಿತ್ತು.

ಫಾಕುಂದೊ ನನ್ನ ಪೂರ್ತಿ ಹೆಸರು ಹಿಡಿದು ಕರೆದರು. "ಹಳೇ ಕಥೆ ದೋನ್ಯ ಓಬ್ದುಲಿಯ. ಸತ್ತೋರು ಸತ್ರು. ನಮ್ಮಪ್ಪನೂ ಇಲ್ಲ, ಅವರೂ ಇಲ್ಲ. ಇದನ್ನ ಇಲ್ಲಿಗೇ ಬಿಡೋಣ."

"ಬಿಡಕ್ಕಾಗಲ್ಲ." ಲಿಂದಾ ಬಾಗಿಲಿಂದಲೇ. "ಬರೆದದ್ದು ಇದೆಯಲ್ಲ ಪುಸ್ತಕದಲ್ಲಿ. ತೆಗೀರಿ."

1953ರ ಪುಸ್ತಕ ಬೀರುವಿನ ತಳದಲ್ಲಿತ್ತು. ಗೆದ್ದಲು ಇಲ್ಲದ ಊರು, ಇಲ್ಲಿ ಏನೂ ಹಾಳಾಗುವುದಿಲ್ಲ. ನಿನ್ನೆ ಬರೆದ ಹಾಗಿದ್ದ ಶಾಯಿ. "ಕರ್ತವ್ಯದ್ರೋಹಕ್ಕಾಗಿ ನೀರಗಂಟಿಯನ್ನು ವಜಾ ಮಾಡಲಾಗಿದೆ." ಕೆಳಗೆ ಲಿಬೋರಿಯೋನ ಸಹಿ.

"ಅದರ ಕೆಳಗೇ ಬರೀರಿ ದೊನ್ ಫಾಕುಂದೊ. ನಿಮ್ಮ ಕೈಯಿಂದ್ಲೇ."

ಫಾಕುಂದೊ ಕನ್ನಡಕ ಹುಡುಕಿದರು. ಸಿಕ್ಕಿದ ಮೇಲೂ ಇನ್ನೊಮ್ಮೆ ಹುಡುಕಿದರು. ಬರೆದರು. ನಾನು ಸಹಿ ಹಾಕಿದೆ. ಸೊಂಟದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟೆ.

ನಿಕಾನೋರ್ ಎದ್ದ. ಮುಖ ಕೆಂಪಾಗಿತ್ತು. "ಹದಿನೈದು ವರ್ಷ ನನ್ನ ಎರಡು ನಿಮಿಷಕ್ಕೆ ಪಾಠ ಹೇಳಿದ್ರಲ್ಲ!" ಎಂದ. ಕೂತ. ಮತ್ತೆ ಎದ್ದು, "ನನ್ನ ಹೆಂಡ್ತಿ ಸತ್ತಾಗ ಪಾಳಿ ತಪ್ಪಿತು. ಕಾಲಿಗೆ ಬಿದ್ದೆ, ಕೊಡ್ಲಿಲ್ಲ ನೀವು" ಎಂದ. ಧ್ವನಿ ಒಡೆದು ಹೋಯಿತು. ಆಗ ಕೊಡದಿದ್ದದ್ದು ಯಾಕೆಂದು ನನಗೆ ಗೊತ್ತು. ಒಮ್ಮೆ ಕದ್ದವಳು ಮತ್ತೆ ಒಂದು ಹನಿಯನ್ನೂ ಆಚೀಚೆ ಮಾಡಲಾರಳು.

ಬೀಗದಕೈ ಯಾರು ತೆಗೆದುಕೊಳ್ಳುತ್ತೀರಿ ಎಂದು ಫಾಕುಂದೊ ಕೇಳಿದರು. ಒಂದು ಕೈಯೂ ಏಳಲಿಲ್ಲ. ಯಾರಿಗೆ ಬೇಕು? ಊರಿಗೆ ಮೊದಲು ಏಳಬೇಕು, ಐವತ್ತೆರಡು ಬಾಯಿಯಿಂದ ಬೈಸಿಕೊಳ್ಳಬೇಕು.

"ಇಲ್ಲಿ ಕೊಡಿ" ಎಂದಳು ಲಿಂದಾ.

"ನೀವಾ? ನೀವು ನೀರು ಮಾರ್ತೀರಂತೆ?" ಫಾಕುಂದೊ ಕೇಳಿದರು.

"ಕೊಡಿ ಅಂದ್ನಲ್ಲ. ಡಿಸೆಂಬರ್ ತನಕ. ನೀರು ಹೇಗೆ ಹಂಚ್ತಾರೆ ಅಂತ ತೋರಿಸ್ತೀನಿ."

ನನ್ನ ಪಕ್ಕದಿಂದಲೇ ಹಾದು ಹೋದಳು. ನಿಂತು, ಸಣ್ಣ ಧ್ವನಿಯಲ್ಲಿ, "ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡ."

ಸೆಪ್ಟೆಂಬರ್ 16

ನನ್ನ ಪಾಳಿ. ಬೇಲಿಯ ಹತ್ತಿರ ಗುದ್ದಲಿ ಹಿಡಿದು ಕಾದೆ. ಹದಿನೈದು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರಿಂದ ನೀರಿಗೆ ಕಾಯುವುದು.

ಲಿಂದಾ ಬಂದಳು. ಕೈಯಲ್ಲಿ ಮಗನ ದೊಡ್ಡ ವಾಚು.

"ನಿಂದು ಎಷ್ಟು?"

"ಎರಡು ಗಂಟೆ ಹತ್ತು ನಿಮಿಷ."

"ಇವತ್ತು ಒಂದೂ ಐವತ್ತು. ಇಪ್ಪತ್ತು ನಿಮಿಷ ಫಾಕುಂದೊ ತೋಟಕ್ಕೆ."

"ಅವ್ರು ಬೇಡ ಅಂತಾರೆ."

"ಅವ್ರಿಗೆ ಬೇಡ. ಅವರಪ್ಪಂಗೆ ಬೇಕಿತ್ತಲ್ಲ."

ಒಂದು ಗಂಟೆ ಐವತ್ತು ನಿಮಿಷಕ್ಕೆ ಸರಿಯಾಗಿ ಹಲಗೆ ಇಳಿಯಿತು. ಕೊನೆಯ ನಾಲ್ಕು ಮರಕ್ಕೆ ನೀರು ಮುಟ್ಟಲಿಲ್ಲ. ಅಲ್ಲೇ ನಿಂತು ನೋಡಿದೆ. ಒಣ ಪಾತಿಯ ಅಂಚಿಗೆ ಬಂದು ನೀರು ನಿಂತಿತು, ಇಂಗಿತು. ಹಗುರವಾಯಿತು ಎಂದು ಬರೆಯಲಾರೆ. ಆದರೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ಸೆಪ್ಟೆಂಬರ್ 24

ಬೆಳಿಗ್ಗೆ ಐದಕ್ಕೇ ಎಚ್ಚರ. ಹೋಗಲು ಎಲ್ಲೂ ಇಲ್ಲ. ಕಾಲು ತಾನಾಗಿ ಕಾಲುವೆಯ ಕಡೆ ನಡೆಯುತ್ತದೆ, ಹಿಡಿದು ಹಿಂದಕ್ಕೆ ತರುತ್ತೇನೆ.

ಅಂಗಡಿಯಲ್ಲಿ ಬ್ರೆಡ್ಡನ್ನು ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲೆ ಇಡುತ್ತಾರೆ. ಇಡಲಿ. ನಿನ್ನೆ ಬೆಳಿಗ್ಗೆ ನಿಕಾನೋರನ ಕೂಗು ಇಲ್ಲಿಯವರೆಗೂ ಕೇಳಿತು. "ಈ ಹೆಂಗಸು ಮೂರು ನಿಮಿಷ ತಿಂತಾಳೆ! ದುಲಿನೇ ವಾಸಿ!"

ಒಬ್ಬಳೇ ನಕ್ಕೆ.

ಅಕ್ಟೋಬರ್ 13

ಲಿಂದಾ ತನ್ನ ಮನೆಗೆ ಜೊಂಡಿನ ಚಾವಣಿ ಹೊದಿಸಿಕೊಂಡಿದ್ದಾಳೆ. ಇವತ್ತು ಬೇಲಿಯಾಚೆ ನಿಂತು ಕೇಳಿದಳು.

"ಮೂರ್ನೇ ತೂಬು ಸೋರತ್ತೆ. ನೀನು ಏನು ಹಾಕ್ತಿದ್ದೆ?"

"ಜೇಡಿಮಣ್ಣು, ಹುಲ್ಲು, ಸ್ವಲ್ಪ ಕತ್ತೆ ಲದ್ದಿ."

"ಎಷ್ಟು ದಿನ ನೆನೆ ಹಾಕ್ಬೇಕು?"

"ಮೂರು. ಚಹಾ ಇದೆ, ಬಾರೇ."

"ಬೇಡ."

ಹೋದಳು. ಆದರೂ ಹನ್ನೊಂದು ಮಾತಾಡಿದಳು.

ಅಕ್ಟೋಬರ್ 22

ಬಿಳಿ ವಾಹನ ಮತ್ತೆ ಬಂದಿತ್ತಂತೆ. ನಿಕಾನೋರ್ ಬೇಲಿಗೆ ಬಂದು ಪೂರ್ತಿ ನಟಿಸಿ ತೋರಿಸಿದ. ಸಭೆಯ ನಂತರ ಅವನು ನನ್ನೊಡನೆ ಮಾತಾಡಿದ್ದು ಇದೇ ಮೊದಲು. ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ, ಅಷ್ಟೆ.

ಲಿಂದಾ ಸೊಂಟದ ಮೇಲೆ ಕೈ ಇಟ್ಟು ಗಣಿಯವನಿಗೆ ಹೇಳಿದಳಂತೆ, "ಮಗಾ, ಬೀಗದಕೈ ಸೊಂಟದಲ್ಲಿ ಸಿಕ್ಕಿಸ್ಕೊಂಡು ನೀರು ಮಾರ್ತಾರೇನಪ್ಪ? ಊಟ ಮಾಡಿದ್ಯಾ? ಮಾಡ್ಕೊಂಡು ಹೋಗು. ಪೆನ್ನು ಮಾತ್ರ ಜೇಬಲ್ಲೇ ಇರ್ಲಿ."

ಡಿಸೆಂಬರ್ ನಂತರ? ಕೇಳಿದೆ. ನಿಕಾನೋರ್ ಭುಜ ಕುಣಿಸಿದ. "ಹನ್ನೆರಡು ಮರದ ಮಧ್ಯೆ ಹೊಸ ಗುಂಡಿ ತೋಡ್ತಿದಾಳೆ. ಹೋಗೋಳು ಗುಂಡಿ ತೋಡ್ತಾಳಾ?"

ಅಕ್ಟೋಬರ್ 31

ಇವತ್ತು ನಾನೇ ಹೋದೆ. ತೂಬಿನ ಹತ್ತಿರ ಇದ್ದಳು.

"ಸತ್ತವರ ಹಬ್ಬಕ್ಕೆ ಅಪ್ಪನ ಸಮಾಧಿಗೆ ಹೋಗ್ತೀಯಲ್ಲ. ನಾನೂ ಬರ್ಲಾ?"

ಹಲಗೆಯ ಮಣ್ಣು ಒರೆಸುತ್ತಾ ಇದ್ದಳು. ತಲೆ ಎತ್ತಲಿಲ್ಲ.

"ನಾನು ಹೋಗಲ್ಲ. ಪಾಳಿ ಇದೆ. ನೀನು ಹೋಗು."

"ಒಬ್ಳೇನಾ?"

"ಮತ್ತೆ? ಊರಿಗೆಲ್ಲಾ ಹೇಳ್ದೆ, ನಂಗೆ ಹೇಳ್ದೆ. ಅವ್ರಿಗೆ ಹೇಳಿದೀಯಾ?" ಆಮೇಲೆ ಸ್ವಲ್ಪ ತಡೆದು, "ಗೇಟಿಂದ ಬಲಗಡೆ, ಹದಿನಾಲ್ಕನೇ ಸಾಲು. ನೀಲಿ ಬಣ್ಣದ ಕಟಕಟೆ. ಏಳು ಗಂಟೆ ಬಸ್ಸಿಗೆ ಹೋದ್ರೆ ಸಂಜೆ ಬರಬಹುದು."

ನಾಲ್ಕು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಕೂಗಿದಳು.

"ದುಲಿ! ನಿಂಬೆ ತಗೊಂಡು ಹೋಗು. ಕೇಳ್ತಿದ್ರಲ್ಲ."

ನವೆಂಬರ್ 2, ಶನಿವಾರ. ಇಕಿಕೆ, ಸ್ಮಶಾನ. ಸಂಜೆ ನಾಲ್ಕೂವರೆ

ಬೆಳಿಗ್ಗೆ ಹನ್ನೊಂದರಿಂದ ಇಲ್ಲೇ ಕೂತಿದ್ದೇನೆ. ಹದಿನಾಲ್ಕನೇ ಸಾಲು. ನೀಲಿ ಕಟಕಟೆಗೆ ಉಪ್ಪುಗಾಳಿ ತಗುಲಿ ಬಣ್ಣ ಎದ್ದಿದೆ. ಹೆಸರು ಸ್ಪಷ್ಟವಾಗಿದೆ. ಮೆಲಿತೋನ್ ಕಾಸ್ತ್ರೊ ಮಾಮಾನಿ. ಕೆಳಗೆ, ನೀರಗಂಟಿ, ಪುಕಿಯಾರ್. ಕೆಲಸ ಕಿತ್ತುಕೊಂಡ ಮೇಲೂ ಮಗಳು ಅದನ್ನೇ ಕೆತ್ತಿಸಿದ್ದಾಳೆ.

ಸುತ್ತ ಎಲ್ಲ ಸಮಾಧಿಗೂ ಕಾಗದದ ಹೂ, ತಗಡಿನ ಹೂ. ಜನ ಬಂದರು, ಹಾಡಿದರು, ತಿಂದರು, ಹೋದರು. ಪಕ್ಕದ ಸಮಾಧಿಯವರು ನನಗೂ ಒಂದು ಜೋಳದ ಕಡುಬು ಕೊಟ್ಟರು. "ನಿಮ್ಮ ತಂದೆನಾ?" ಎಂದು ಕೇಳಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಬಾಯಿ ಬರಲಿಲ್ಲ.

ದಾರಿಯ ತಿರುವಿನ ನಲ್ಲಿ ಯಾರೋ ಸರಿಯಾಗಿ ಮುಚ್ಚದೆ ಹೋಗಿದ್ದರು. ಎದ್ದು ಹೋಗಿ ಎರಡು ಸಲ ಮುಚ್ಚಿ ಬಂದೆ.

ಹನ್ನೆರಡು ನಿಂಬೆ ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಬಿಸಿಲಿಗೆ ವಾಸನೆ ಎದ್ದಿದೆ. ಮಾತು ಮಾತ್ರ ಹೊರಡುತ್ತಿಲ್ಲ. ಸಭೆಯಲ್ಲಿ ನಲವತ್ತು ಜನರ ಮುಂದೆ ಬಂದದ್ದು ಇಲ್ಲಿ ಒಬ್ಬರ ಮುಂದೆ ಬರುವುದಿಲ್ಲ. ಅದಕ್ಕೇ ಈ ಪುಸ್ತಕ ತೆಗೆದೆ. ಬರೆದು ಓದಿದರೆ ಆದೀತೇನೋ.

ಕಾವಲುಗಾರ ಬಂದ. ಗೇಟು ಹಾಕುವ ಹೊತ್ತಂತೆ, ಕೊನೆಯ ಬಸ್ಸು ಐದಕ್ಕಂತೆ. ಐದು ನಿಮಿಷ ಕೊಡಪ್ಪ ಎಂದೆ. ತಲೆಯಾಡಿಸಿ ದೂರ ಹೋಗಿ ನಿಂತಿದ್ದಾನೆ.

ದೊನ್ ಮೆಲಿತೋನ್, ನಾನು ದುಲಿ. ಮೂವತ್ತೊಂದು ಬದುಕಿದವು. ಅವತ್ತು ಮಧ್ಯಾಹ್ನ, ನೀವೆಲ್ಲ ಮಲಗಿದ್ದಾಗ...